ಇನ್ನೊಂದ್ಸಲ ತೆಗೀಬೇಕಾ?

ಹಲ್ಲಿನ ಎಕ್ಸ್‌ರೇ ತೆಗೆಯುವ ಯಾರಿಗೂ ಈ ಪ್ರಶ್ನೆ ಇಷ್ಟವಾಗುವುದಿಲ್ಲ. ಚಿತ್ರ ಹಿಡಿಯುವ ಸೆನ್ಸರನ್ನು ಬಾಯೊಳಗೆ ಇಟ್ಟು, ಕಚ್ಚಿಸಿ, ಬಟನ್ ಒತ್ತಿ ಸ್ಕ್ರೀನ್ ನೋಡಿದರೆ ಬೇಕಾದ ಹಲ್ಲಿನ ಬೇರಿನ ತುದಿಯೇ ಇಲ್ಲ. ನಮ್ಮ ಮುಖ ನೋಡಿಯೇ ಪೇಷಂಟ್‌ಗೆ ವಿಷಯ ಗೊತ್ತಾಗಿಬಿಡುತ್ತದೆ. ಬಾಯಿ ಒರೆಸಿಕೊಳ್ಳುತ್ತಾ ಕೇಳುತ್ತಾರೆ, "ಇನ್ನೊಂದ್ಸಲ ತೆಗೀಬೇಕಾ?"

ಹೊಸದಾಗಿ ಸೇರಿದ ಡೆಂಟಲ್ ಅಸಿಸ್ಟೆಂಟ್‌ಗಳಿಗೆ ಎಕ್ಸ್‌ರೇ ಹೇಳಿಕೊಡುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಸುರಕ್ಷತೆ ಅಂದರೆ ಏನು ಅಂತ ಕೇಳಿದರೆ ಹೆಚ್ಚುಕಮ್ಮಿ ಎಲ್ಲರ ಬಾಯಲ್ಲೂ ಮೊದಲು ಬರುವುದು ಲೆಡ್ ಏಪ್ರನ್, ಅಂದರೆ ಪೇಷಂಟ್ ಮೈಮೇಲೆ ಹಾಕುವ ಸೀಸದ ಹೊದಿಕೆ. ನನ್ನನ್ನು ಕೇಳಿದರೆ ರಿಟೇಕ್ ತಪ್ಪಿಸುವುದು ಅಂತೀನಿ. ಒಂದೇ ಹಲ್ಲಿಗೆ ಎರಡು ಸಲ ತೆಗೆದರೆ ಡೋಸ್ ನೇರವಾಗಿ ಎರಡು ಪಟ್ಟು. ಏಪ್ರನ್ ಎಷ್ಟು ದಪ್ಪ ಇದ್ದರೂ ಆ ಲೆಕ್ಕ ಬದಲಾಗುವುದಿಲ್ಲ.

ಏಪ್ರನ್ ಮೇಲಿನ ನಂಬಿಕೆ ಎಷ್ಟು ಗಟ್ಟಿ ಅಂದರೆ, 2024ರಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಹೊಸ ಶಿಫಾರಸು ಹೊರಡಿಸಿದಾಗ ಎಷ್ಟೋ ಜನ ಹುಬ್ಬೇರಿಸಿದರು. ಹಲ್ಲಿನ ಎಕ್ಸ್‌ರೇಗೆ ಏಪ್ರನ್ ಮತ್ತು ಕುತ್ತಿಗೆಗೆ ಸುತ್ತುವ ಥೈರಾಯ್ಡ್ ಕಾಲರ್‌ಗಳನ್ನು ರೂಢಿಯಂತೆ ಹಾಕುವುದು ಇನ್ನು ಬೇಕಿಲ್ಲ, ಮಕ್ಕಳಿಗೂ ಬೇಡ, ಗರ್ಭಿಣಿಯರಿಗೂ ಬೇಡ ಅಂದಿತು ಆ ಶಿಫಾರಸು. ಕಾರಣ ಸರಳ. ಈಗಿನ ಮಷೀನುಗಳಲ್ಲಿ ಕಿರಣ ಹೋಗುವ ದಾರಿ ಕಿರಿದು. ಹೊಟ್ಟೆಯ ಕಡೆಗೆ ತಲುಪುವ ಅಲ್ಪಸ್ವಲ್ಪ ವಿಕಿರಣದಲ್ಲೂ ಬಹುಪಾಲು ದೇಹದ ಒಳಗೇ ಚದುರಿ ಬಂದದ್ದು. ಹೊರಗೆ ಹೊದಿಸಿದ ಸೀಸ ಅದನ್ನು ತಡೆಯುವುದಿಲ್ಲ. ಮೇಲಾಗಿ, ಕಾಲರ್ ಅಡ್ಡ ಬಂದು ಚಿತ್ರ ಹಾಳಾದರೆ ಮತ್ತೆ ರಿಟೇಕ್! ಹಾಗಂತ ನಾಳೆಯೇ ಏಪ್ರನ್ ಎತ್ತಿಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಕಾನೂನು ಏಪ್ರನ್ ಬೇಕು ಅಂದರೆ ಹಾಕಲೇಬೇಕು. ಪೇಷಂಟ್ ಕೇಳಿದರೆ ವಾದ ಮಾಡದೆ ಹಾಕಿ. ಆದರೆ ಏಪ್ರನ್ ಹಾಕಿಬಿಟ್ಟೆ, ನನ್ನ ಜವಾಬ್ದಾರಿ ಮುಗೀತು ಅಂದುಕೊಳ್ಳುವುದಿದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅದಕ್ಕಿಂತ ಎಷ್ಟೋ ಜಾಸ್ತಿ ಕೆಲಸಕ್ಕೆ ಬರುವ ಒಂದು ಸಾಮಾನು ಅನೇಕ ಕಡೆ ಡ್ರಾಯರ್‌ನಲ್ಲೇ ಬಿದ್ದಿರುತ್ತದೆ. ಅದು ಕೋನ್ (ಕಿರಣ ಹೊರಬರುವ ಕೊಳವೆ) ತುದಿಗೆ ಹಾಕುವ, ಕಿರಣವನ್ನು ಕಿರಿದು ಮಾಡುವ ಆಯತಾಕಾರದ ಕಾಲಿಮೇಟರ್. ದುಂಡು ಕೋನ್‌ನಿಂದ ಹೊರಬರುವ ಕಿರಣದ ಅಗಲ ಸುಮಾರು 7 ಸೆಂಟಿಮೀಟರ್. ದೊಡ್ಡವರಿಗೆ ಬಳಸುವ 2ನೇ ಸೈಜಿನ ಫಿಲಂ ಸುಮಾರು 3 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದ. ಲೆಕ್ಕ ಹಾಕಿ ನೋಡಿ. ಕೆನ್ನೆಯ ಮೇಲೆ ಬೀಳುವ ಕಿರಣದಲ್ಲಿ ಮೂರನೇ ಎರಡರಷ್ಟು ಚಿತ್ರಕ್ಕೆ ಉಪಯೋಗವೇ ಇಲ್ಲ, ಸುಮ್ನೆ ಪೇಷಂಟ್ ಮೈಗೆ. ಆಯತದ ಕಾಲಿಮೇಟರ್ ಹಾಕಿದರೆ ಆ ದಂಡವಾಗುವ ಭಾಗ ಅಲ್ಲೇ ನಿಲ್ಲುತ್ತದೆ. ಚದುರಿದ ಕಿರಣ ಕಡಿಮೆಯಾಗಿ ಚಿತ್ರವೂ ಸ್ವಲ್ಪ ಸ್ಪಷ್ಟವಾಗುತ್ತದೆ. ಹಾಗಿದ್ದರೂ ಯಾಕೆ ಬಳಸುವುದಿಲ್ಲ? ಕೋನ್ ಕಟ್ ಆಗುತ್ತೆ ಅನ್ನೋ ಭಯ. ಕಿರಣ ಸೆನ್ಸರ್‌ನ ಒಂದು ಮೂಲೆಗೆ ತಲುಪದಿದ್ದರೆ ಅಲ್ಲಿ ಬೆಳ್ಳಗೆ ಖಾಲಿ ಉಳಿಯುತ್ತದೆ. ದುಂಡು ಕೋನ್‌ನಲ್ಲಿ ಅಳತೆ ಒಂದಿಷ್ಟು ತಪ್ಪಿದರೂ ನಡೆಯುತ್ತದೆ, ಆಯತದಲ್ಲಿ ನಡೆಯುವುದಿಲ್ಲ. ಸೆನ್ಸರ್ ಹಿಡಿದಿಡುವ, ರಿಂಗ್ ಇರುವ ಹೋಲ್ಡರ್ ಬಳಸಿ, ಕೋನನ್ನು ರಿಂಗ್‌ಗೆ ತಾಗುವಂತೆ ಹಿಡಿದರೆ ಈ ಭಯ ಬಹುಪಾಲು ಹೋಗುತ್ತದೆ. ಮೊದಲ ಒಂದೆರಡು ವಾರ ಕಿರಿಕಿರಿ ಅನ್ನಿಸಬಹುದು, ಅಷ್ಟೇ.

ಇನ್ನು ಕೋನದ, ಅಂದರೆ ಕಿರಣ ಯಾವ ಓರೆಯಲ್ಲಿ ಬೀಳಬೇಕು ಅನ್ನುವ ವಿಷಯಕ್ಕೆ ಬರೋಣ. ಹಲ್ಲಿನ ಎಕ್ಸ್‌ರೇಯಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಪ್ಯಾರಲಲ್ ಪದ್ಧತಿಯಲ್ಲಿ ಸೆನ್ಸರ್ ಹಲ್ಲಿನ ಉದ್ದಕ್ಕೆ ಸಮಾನಾಂತರವಾಗಿರುತ್ತದೆ, ಕಿರಣ ಎರಡಕ್ಕೂ ನೇರವಾಗಿ ಬೀಳುತ್ತದೆ. ಬೈಸೆಕ್ಟಿಂಗ್ ಪದ್ಧತಿಯಲ್ಲಿ ಸೆನ್ಸರ್ ಹಲ್ಲಿಗೆ ಒರಗಿಕೊಂಡಿರುತ್ತದೆ. ಹಲ್ಲಿಗೂ ಸೆನ್ಸರ್‌ಗೂ ನಡುವಿನ ಕೋನವನ್ನು ಅರ್ಧ ಮಾಡುವ ಒಂದು ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಂಡು ಅದಕ್ಕೆ ನೇರವಾಗಿ ಕಿರಣ ಬಿಡಬೇಕು. ಮನಸ್ಸಿನಲ್ಲಿ ಎಳೆದ ಗೆರೆ ಅಂದಮೇಲೆ ತಪ್ಪಾಗುವುದು ಸಹಜ ಅಲ್ವಾ? ಆದ್ದರಿಂದ ನಾನು ಪ್ಯಾರಲಲ್ ಪಕ್ಷ. ಅಂಗುಳ ತೀರಾ ತಗ್ಗಿದ್ದರೆ, ಬಾಯಿ ಚಿಕ್ಕದಿದ್ದರೆ, ರೂಟ್ ಕೆನಾಲ್ ನಡುವೆ ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ) ಹಾಕಿದ್ದರೆ ಮಾತ್ರ ಇನ್ನೊಂದಕ್ಕೆ ಇಳಿಯುತ್ತೇನೆ.

ಬೈಸೆಕ್ಟಿಂಗ್‌ನಲ್ಲಿ ಆಗುವ ತಪ್ಪನ್ನು ನೆನಪಿಡಲು ಬಿಸಿಲು ಸಾಕು. ಬೆಳಗಿನ ಹೊತ್ತು ಸೂರ್ಯ ಕೆಳಗಿದ್ದಾಗ ನೆರಳು ಉದ್ದ, ನೆತ್ತಿಗೆ ಬಂದಾಗ ಗಿಡ್ಡ. ಕಿರಣ ಬಿಡುವ ಟ್ಯೂಬಿನ ಮೇಲು-ಕೆಳಗಿನ ಕೋನ ಕಡಿಮೆಯಾದರೆ ಹಲ್ಲು ಎಳೆದ ಹಾಗೆ ಉದ್ದವಾಗಿ, ಬೇರಿನ ತುದಿ ಚಿತ್ರದ ಆಚೆ ಹೋಗುತ್ತದೆ. ಜಾಸ್ತಿಯಾದರೆ ಬೇರು ಕುಗ್ಗಿ ಮೊಟಕಾಗುತ್ತದೆ. ಮೇಲಿನ ದವಡೆ ಹಲ್ಲಿಗೆ ಕೋನ ಜಾಸ್ತಿ ಕೊಟ್ಟರೆ ಇನ್ನೊಂದು ತೊಂದರೆಯೂ ಇದೆ. ಕೆನ್ನೆಯ ಮೂಳೆಯ ಬಿಳಿ ನೆರಳು ಬಂದು ಬೇರುಗಳ ಮೇಲೇ ಕೂರುತ್ತದೆ. ಆಗ ಡಾಕ್ಟರ್‌ಗೆ ಬೇಕಾದ ಜಾಗವೊಂದು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿ ಕಾಣುತ್ತಿರುತ್ತದೆ.

ಹೊಸಬರು ಸಾಮಾನ್ಯವಾಗಿ ಸೆನ್ಸರನ್ನು ಹಲ್ಲಿಗೆ ಒತ್ತಿ ಅಂಟಿಸಿ ಇಡಲು ನೋಡುತ್ತಾರೆ. ಹತ್ತಿರ ಇದ್ದಷ್ಟು ಒಳ್ಳೆಯದು ಅನ್ನಿಸುವುದು ಸಹಜ. ಪ್ಯಾರಲಲ್‌ನಲ್ಲಿ ಅದು ಉಲ್ಟಾ. ಅಂಗುಳದ ಎತ್ತರ ಇರುವುದು ಬಾಯಿಯ ಮಧ್ಯದಲ್ಲಿ. ಸೆನ್ಸರ್ ಅಲ್ಲಿಗೆ ಹೋದರೆ ನೆಟ್ಟಗೆ ನಿಲ್ಲಲು ಜಾಗ ಸಿಗುತ್ತದೆ. ಹಲ್ಲಿಗೆ ಒತ್ತಿಟ್ಟರೆ ಮೇಲಿನ ಅಂಚು ಅಂಗುಳದ ಇಳಿಜಾರಿಗೆ ತಾಗಿ ವಾಲುತ್ತದೆ, ಪೇಷಂಟ್‌ಗೂ ನೋವು. ಕೆಳದವಡೆಗೆ ಸೆನ್ಸರ್ ಇಡುವಾಗ ಬಾಯಿ ಪೂರ್ತಿ ತೆರೆಸಬೇಡಿ. ಜೋರಾಗಿ ತೆರೆದರೆ ನಾಲಿಗೆಯ ಕೆಳಗಿನ ಸ್ನಾಯು ಬಿಗಿಯಾಗುತ್ತದೆ, ಸೆನ್ಸರ್ ಕೆಳಗೆ ಇಳಿಯುವುದೇ ಇಲ್ಲ. ಅರ್ಧ ತೆರೆಸಿ, ನಾಲಿಗೆಯ ಪಕ್ಕದಲ್ಲಿ ಸ್ವಲ್ಪ ವಾಲಿಸಿ ಒಳಗೆ ಬಿಟ್ಟು, "ನಿಧಾನಕ್ಕೆ ಕಚ್ಚಿ" ಅನ್ನಿ. ಬಾಯಿ ಮುಚ್ಚುತ್ತಾ ಬಂದ ಹಾಗೆ ಆ ಜಾಗ ಸಡಿಲವಾಗಿ ಸೆನ್ಸರ್ ತಾನಾಗೇ ಕೆಳಗೆ ಕೂರುತ್ತದೆ. ಬೇರಿನ ತುದಿ ತಪ್ಪಿಹೋಗುವ ರಿಟೇಕ್‌ಗಳಲ್ಲಿ ಎಷ್ಟೋ ಇಷ್ಟರಿಂದಲೇ ನಿಲ್ಲುತ್ತವೆ. ಪೂರ್ತಿ ಕಚ್ಚಿದ್ದಾರಾ ಅಂತ ತುಟಿ ಸರಿಸಿ ಕಣ್ಣಾರೆ ನೋಡಿ. ನೋವಾಗುವ ಪೇಷಂಟ್ ತುಟಿ ಮುಚ್ಚಿಕೊಳ್ಳುತ್ತಾರೆ, ಹಲ್ಲು ಮುಚ್ಚಿರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವುದು ಬೈಟ್‌ವಿಂಗ್, ಅಂದರೆ ಮೇಲಿನ ಕೆಳಗಿನ ಹಲ್ಲು ಕಚ್ಚಿಸಿ ಎರಡನ್ನೂ ಒಟ್ಟಿಗೆ ತೆಗೆಯುವ ಚಿತ್ರ. 1925ರಲ್ಲಿ ಅಮೆರಿಕದ ದಂತವೈದ್ಯ ಹೋವರ್ಡ್ ರೇಪರ್ ಇದನ್ನು ಜನರ ಮುಂದಿಟ್ಟಾಗಿನಿಂದ ಅದರ ಕೆಲಸ ಬದಲಾಗಿಲ್ಲ: ಎರಡು ಹಲ್ಲು ತಾಗುವ ಜಾಗದಲ್ಲಿ ಹುಳುಕು ಇದೆಯಾ, ಹಲ್ಲಿನ ನಡುವಿನ ಮೂಳೆ ಎಷ್ಟು ಉಳಿದಿದೆ ಅಂತ ತೋರಿಸುವುದು. ಹಲ್ಲುಗಳು ಒಂದರ ಮೇಲೊಂದು ಬಿದ್ದ ಹಾಗೆ ಬಂದರೆ ಆ ಚಿತ್ರ ಯಾವ ಕೆಲಸಕ್ಕೂ ಬಾರದು. ಸಣ್ಣ ಹುಳುಕು ಇರುವುದೇ ಆ ಮುಚ್ಚಿಹೋದ ಜಾಗದಲ್ಲಿ. ಇದು ಟ್ಯೂಬಿನ ಎಡ-ಬಲದ ಕೋನದ ತಪ್ಪು, ಮೇಲು-ಕೆಳಗಿನದ್ದಲ್ಲ. ಎಷ್ಟೋ ಜನ ಓವರ್‌ಲ್ಯಾಪ್ ಬಂತು ಅಂತ ಟ್ಯೂಬನ್ನು ಮೇಲೆ ಕೆಳಗೆ ಮಾಡಿ ರಿಟೇಕ್ ಮಾಡುತ್ತಾರೆ. ಮತ್ತೆ ಅದೇ ಓವರ್‌ಲ್ಯಾಪ್.

ನಾನು ಹೇಳಿಕೊಡುವುದು ಹೀಗೆ. ಸೆನ್ಸರ್ ಕೈಗೆತ್ತಿಕೊಳ್ಳುವ ಮೊದಲೇ ಕನ್ನಡಿಯಿಂದ ಕೆನ್ನೆ ಸರಿಸಿ. ಕೋನ್ ಬರುವ ಜಾಗದಲ್ಲಿ ನಿಮ್ಮ ಕಣ್ಣು ಇಡಿ. ಹಲ್ಲಿನ ನಡುವಿನ ಸಂದು ಯಾವ ಕಡೆಯಿಂದ ನೋಡಿದರೆ ನೇರವಾಗಿ ತೆರೆದುಕೊಳ್ಳುತ್ತದೆ ಅಂತ ತಲೆ ಅತ್ತಿತ್ತ ಆಡಿಸಿ ನೋಡಿ. ಸಣ್ಣ ದವಡೆ ಹಲ್ಲುಗಳ ಸಂದು ತೆರೆಯುವ ದಿಕ್ಕು ಒಂದು, ದೊಡ್ಡ ದವಡೆ ಹಲ್ಲುಗಳದ್ದು ಇನ್ನೊಂದು. ಕೋರೆ ಹಲ್ಲಿನ ಹತ್ತಿರ ದವಡೆ ತಿರುಗುವುದರಿಂದ ಅಲ್ಲಿನದು ಮತ್ತೊಂದು. ಅದಕ್ಕೇ ಒಂದೇ ಚಿತ್ರದಲ್ಲಿ ಎಲ್ಲವನ್ನೂ ತೆರೆಯುವ ಹಟ ಬೇಡ. ಹಲ್ಲು ಓರೆಕೋರೆ ಇರುವವರಲ್ಲಿ ಎಲ್ಲ ಸಂದುಗಳನ್ನೂ ತೆರೆಯಲು ಯಾರಿಂದಲೂ ಆಗುವುದಿಲ್ಲ. ಅದನ್ನು ಮೊದಲೇ ನೋಡಿಟ್ಟುಕೊಂಡಿದ್ದರೆ ಡಾಕ್ಟರ್ ಕೇಳಿದಾಗ ಕಾರಣ ಹೇಳಬಹುದು.

ವಾಕರಿಕೆ ಬರುವ ಪೇಷಂಟ್ ಬಗ್ಗೆ ಒಂದಿಷ್ಟು. "ವಾಂತಿ ಬರೋ ಹಾಗಾಗುತ್ತಾ?" ಅಂತ ಕೇಳಲೇಬೇಡಿ. ಕೇಳಿದರೆ ಬರುತ್ತದೆ! ಮುಂದಿನ ಹಲ್ಲಿನಿಂದ ಶುರು ಮಾಡಿ, ಮೇಲಿನ ಹಿಂದಿನ ದವಡೆ ಹಲ್ಲನ್ನು ಕೊನೆಗೆ ಇಟ್ಟುಕೊಳ್ಳಿ. ಟೈಮರ್ ಸೆಟ್ ಆಗಿರಲಿ, ಟ್ಯೂಬ್ ಹೆಚ್ಚುಕಮ್ಮಿ ಜಾಗಕ್ಕೆ ಬಂದಿರಲಿ, ಸೆನ್ಸರ್ ಬಾಯಿಗೆ ಹೋಗುವುದು ಕೊನೆಯಲ್ಲಿ. ಅಂಗುಳದ ಮೇಲೆ ಅದನ್ನು ಎಳೆದಾಡಬೇಡಿ. ಒಂದೇ ಸಲಕ್ಕೆ ಇಟ್ಟು ಬಿಡಿ. ಮೂಗಿನಲ್ಲಿ ಉಸಿರಾಡುತ್ತಾ ಕಾಲಿನ ಬೆರಳು ಆಡಿಸಲು ಹೇಳಿದರೆ ಗಮನ ಅತ್ತ ಹೋಗುತ್ತದೆ. ನಾಲಿಗೆ ತುದಿಗೆ ಚಿಟಿಕೆ ಉಪ್ಪು ಹಾಕುವುದು ಹಳೆಯ ಉಪಾಯ, ನಂಬಿದವರಿಗೆ ಕೆಲಸ ಮಾಡುತ್ತದೆ. ಏನು ಮಾಡಿದರೂ ಆಗದಿದ್ದರೆ ಬಾಯೊಳಗೆ ಸೆನ್ಸರ್ ಇಡದೆ ಓಪಿಜಿ (ಮಷೀನ್ ತಲೆಯ ಸುತ್ತ ತಿರುಗಿ ಎಲ್ಲ ಹಲ್ಲನ್ನೂ ಒಂದೇ ಚಿತ್ರದಲ್ಲಿ ತೆಗೆಯುವ ಎಕ್ಸ್‌ರೇ) ಮಾಡಬಹುದಾ ಅಂತ ಡಾಕ್ಟರ್ ಹತ್ತಿರ ಕೇಳಿ.

ಡಿಜಿಟಲ್ ಬಂದಮೇಲೆ ಕೆಲಸ ಹಗುರವಾಯಿತು ಅನ್ನುವುದು ನಿಜ. 1896ರ ಜನವರಿಯಲ್ಲಿ, ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದ ಸುದ್ದಿ ಹೊರಬಂದು ಕೆಲವೇ ವಾರಗಳಲ್ಲಿ, ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನದೇ ಹಲ್ಲಿನ ಚಿತ್ರ ತೆಗೆಯಲು 25 ನಿಮಿಷ ಕಿರಣಕ್ಕೆ ಮುಖ ಒಡ್ಡಿದ್ದರು. ಈಗ ಸೆಕೆಂಡಿನ ಒಂದು ಸಣ್ಣ ಪಾಲು ಸಾಕು. ಪ್ರಪಂಚದ ಸರಾಸರಿ ತೆಗೆದುಕೊಂಡರೆ ಮಣ್ಣು, ಗಾಳಿ, ಆಕಾಶದಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (2,400 ಮೈಕ್ರೋಸೀವರ್ಟ್) ವಿಕಿರಣ ತಾನಾಗೇ ಬರುತ್ತದೆ. ಅಂದರೆ ದಿನಕ್ಕೆ 6 ಅಥವಾ 7 ಮೈಕ್ರೋಸೀವರ್ಟ್. ಒಳ್ಳೆಯ ಡಿಜಿಟಲ್ ಸೆನ್ಸರ್, ಆಯತದ ಕಾಲಿಮೇಟರ್ ಇದ್ದರೆ ಒಂದು ಸಣ್ಣ ಎಕ್ಸ್‌ರೇ ಕೆಲವೇ ಮೈಕ್ರೋಸೀವರ್ಟ್. ಹೆದರುವ ಪೇಷಂಟ್‌ಗೆ ಇದನ್ನು ಧಾರಾಳವಾಗಿ ಹೇಳಬಹುದು.

ತೊಂದರೆ ಅಂದರೆ, ಇದೇ ಲೆಕ್ಕ ನಮ್ಮ ಕೈಯನ್ನೂ ಸಡಿಲ ಮಾಡಿದೆ. ಫಿಲಂ ಇದ್ದಾಗ ರಿಟೇಕ್ ಅಂದರೆ ಮತ್ತೆ ಡಾರ್ಕ್ ರೂಮಿಗೆ ಹೋಗಬೇಕು, ತೊಳೆಯಬೇಕು, ಕಾಯಬೇಕು. ಆ ಬೇಸರಕ್ಕೇ ಜನ ಮೊದಲ ಸಲವೇ ಸರಿಯಾಗಿ ಇಡುತ್ತಿದ್ದರು. ಈಗ ಸೆನ್ಸರ್ ಬಾಯಲ್ಲೇ ಇರುತ್ತದೆ, ಚಿತ್ರ ಕ್ಷಣದಲ್ಲಿ ಬರುತ್ತದೆ, ಸ್ವಲ್ಪ ಸರಿಸಿ ಮತ್ತೊಂದು ಒತ್ತಿದರೆ ಆಯಿತು. ಸರಿಯಿಲ್ಲದ್ದನ್ನು ಅಳಿಸಿಬಿಟ್ಟರೆ ಲೆಕ್ಕಕ್ಕೂ ಸಿಗುವುದಿಲ್ಲ. ಅಳಿಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಪೇಷಂಟ್ ಮೈಗೆ ಬಿದ್ದ ಕಿರಣವನ್ನು ಯಾರೂ ಅಳಿಸಲಾರರು. ಕೆಟ್ಟ ಚಿತ್ರವೂ ಫೈಲಿನಲ್ಲಿ ಇರಲಿ, ಪಕ್ಕದಲ್ಲಿ ಕಾರಣ ಬರೆದಿಡಿ. ತಿಂಗಳ ಕೊನೆಗೆ ಆ ಕಾರಣಗಳನ್ನು ಒಟ್ಟಿಗೆ ಓದಿದರೆ ಯಾರಿಗೆ ಎಲ್ಲಿ ಕೈ ತಪ್ಪುತ್ತಿದೆ ಅಂತ ಥಟ್ಟನೆ ಗೊತ್ತಾಗುತ್ತದೆ.

ಎಕ್ಸ್‌ಪೋಷರ್ ವಿಷಯದಲ್ಲೂ ಡಿಜಿಟಲ್ ಮೋಸ ಮಾಡುತ್ತದೆ. ಡೋಸ್ ಕಡಿಮೆಯಾದರೆ ಚಿತ್ರದಲ್ಲಿ ಮರಳು ಎರಚಿದ ಹಾಗೆ ಚುಕ್ಕಿ ಕಾಣುತ್ತದೆ, ಡಾಕ್ಟರ್ ಬೈಯುತ್ತಾರೆ. ಜಾಸ್ತಿಯಾದರೆ ಸಾಫ್ಟ್‌ವೇರ್ ಬೆಳಕು ಸರಿಮಾಡಿ ಚಂದ ತೋರಿಸುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಹೀಗಾಗಿ ಟೈಮರ್ ಮೆಲ್ಲಗೆ ಮೇಲಕ್ಕೇ ಏರುತ್ತಾ ಹೋಗುತ್ತದೆ. ದೊಡ್ಡವರ ಸೆಟ್ಟಿಂಗ್‌ನಲ್ಲೇ ಮಗುವಿಗೂ ತೆಗೆದುಬಿಡುವುದನ್ನು ನಾನು ಕಂಡಿದ್ದೇನೆ. ಮಗುವಿಗೆ ಕಡಿಮೆ, ಕೆಳಗಿನ ಮುಂದಿನ ಹಲ್ಲಿಗೆ ಕಡಿಮೆ, ಮೇಲಿನ ದವಡೆ ಹಲ್ಲಿಗೆ ಜಾಸ್ತಿ. ಇದನ್ನು ಪ್ರತಿ ಪೇಷಂಟ್‌ಗೂ ನೋಡಿ ಬದಲಾಯಿಸಬೇಕು. ಮಷೀನಿನ ಪಕ್ಕ ಒಂದು ಚಾರ್ಟ್ ಅಂಟಿಸಿದ್ದರೆ ಯಾರೂ ಮರೆಯುವುದಿಲ್ಲ. ಇನ್ನು, ಬೀಪ್ ಮುಗಿಯುವ ತನಕ ಬೆರಳು ಬಟನ್ ಮೇಲೇ ಇರಲಿ. ಅವಸರಕ್ಕೆ ಬಿಟ್ಟರೆ ಕಿರಣ ಅಲ್ಲೇ ನಿಂತು ಚಿತ್ರ ಪೇಲವವಾಗುತ್ತದೆ.

ಸೆನ್ಸರ್ ಬದಲು ಫಾಸ್ಫರ್ ಪ್ಲೇಟ್ (ಬಾಯಲ್ಲಿಟ್ಟು ತೆಗೆದು ಆಮೇಲೆ ಸ್ಕ್ಯಾನ್ ಮಾಡುವ ತಗಡು) ಬಳಸುವವರು ಇನ್ನೊಂದು ಕಡೆ ಹುಷಾರಾಗಿರಬೇಕು. ಫಿಲಂ ತಿರುಗಿಸಿ ಇಟ್ಟರೆ ಒಳಗಿನ ಸೀಸದ ಹಾಳೆಯ ಗುರುತು ಟೈರಿನ ಅಚ್ಚಿನಂತೆ ಮೂಡಿ ತಪ್ಪನ್ನು ಹೇಳಿಬಿಡುತ್ತಿತ್ತು. ಪ್ಲೇಟ್ ತಿರುಗಿಸಿ ಇಟ್ಟರೆ ಚಿತ್ರ ಚೆನ್ನಾಗೇ ಬರಬಹುದು, ಆದರೆ ಎಡ ಬಲವಾಗಿರುತ್ತದೆ. ಮೂಲೆಯಲ್ಲಿರುವ ಸಣ್ಣ ಗುರುತು ನೋಡದೆ ಚಿತ್ರಗಳನ್ನು ಎಡ-ಬಲದಂತೆ ಜೋಡಿಸಿ ಮೌಂಟ್ ಮಾಡಿದರೆ ಎಡಗಡೆಯ ಹುಳುಕು ಬಲಗಡೆಗೆ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಇದು ಕೋನ್ ಕಟ್‌ಗಿಂತ ನೂರು ಪಾಲು ಕೆಟ್ಟ ತಪ್ಪು, ಯಾಕೆಂದರೆ ಇಲ್ಲಿ ರಿಟೇಕ್ ಕೂಡ ಆಗುವುದಿಲ್ಲ, ನೇರ ಡ್ರಿಲ್‌ಗೇ ಹೋಗುತ್ತದೆ. ಉಳಿದಂತೆ ಪ್ಲೇಟ್ ಬೆಳಕಿನಲ್ಲಿ ಬಿಟ್ಟರೆ ಚಿತ್ರ ಮಾಸುತ್ತದೆ, ಗೀರು ಬಿದ್ದರೆ ಮುಂದಿನ ಎಲ್ಲ ಚಿತ್ರಗಳಲ್ಲೂ ಬಿಳಿ ಗೆರೆ ಬರುತ್ತದೆ. ಸೆನ್ಸರ್ ಆದರೆ ಬಿಸಿ ಹಬೆಯಲ್ಲಿ ಶುಚಿ ಮಾಡುವ ಆಟೋಕ್ಲೇವ್‌ಗೆ ಹಾಕುವ ಹಾಗಿಲ್ಲ. ಪ್ರತಿಯೊಬ್ಬರಿಗೂ ಹೊಸ ಕವರ್ ಹಾಕಿ, ಕವರ್ ತೆಗೆದಮೇಲೆ ಒರೆಸಿ ಶುಚಿ ಮಾಡಿ. ಎಂಜಲಾದ ಗ್ಲೌಸ್‌ನಲ್ಲೇ ಮೌಸ್ ಮುಟ್ಟುವುದನ್ನು ದಯವಿಟ್ಟು ನಿಲ್ಲಿಸಿ.

ಓಪಿಜಿ ಸುಲಭ, ಮಷೀನ್ ತಾನೇ ಸುತ್ತುತ್ತದೆ ಅನ್ನುವವರಿದ್ದಾರೆ. ಸುತ್ತುವುದು ಮಷೀನ್ ನಿಜ, ಆದರೆ ನಿಲ್ಲಿಸುವವರು ನಾವು. ಗಲ್ಲ ತುಂಬಾ ಕೆಳಗಾದರೆ ಹಲ್ಲಿನ ಸಾಲು ಅತಿಯಾಗಿ ನಕ್ಕ ಹಾಗೆ ಬಾಗುತ್ತದೆ, ಮೇಲಾದರೆ ಮುಖ ಸಿಂಡರಿಸಿದ ಹಾಗೆ. ಪೇಷಂಟ್ ಮುಂದೆ ಬಂದು ಕಚ್ಚಿದ್ದರೆ ಮುಂದಿನ ಹಲ್ಲುಗಳು ಕಡ್ಡಿಯಂತೆ ಸಣಕಲು, ಹಿಂದೆ ಸರಿದಿದ್ದರೆ ಅಗಲವಾಗಿ ಮಸುಕು. ಕುತ್ತಿಗೆ ಕುಗ್ಗಿಸಿ ನಿಂತರೆ ಬೆನ್ನುಮೂಳೆಯ ಬಿಳಿ ನೆರಳು ಚಿತ್ರದ ನಟ್ಟನಡುವೆ ಬರುತ್ತದೆ. ಕಿವಿಯೋಲೆ ತೆಗೆಯದಿದ್ದರೆ ಅದರ ಮಸುಕು ನೆರಳು ಎದುರು ಬದಿಯಲ್ಲಿ, ಸ್ವಲ್ಪ ಮೇಲೆ ಬಂದು ಕೂರುತ್ತದೆ. ಇವೆಲ್ಲಕ್ಕಿಂತ ಜಾಸ್ತಿ ನೋಡಸಿಗುವುದು ನಾಲಿಗೆಯ ತಪ್ಪು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯದಿದ್ದರೆ ನಡುವಿನ ಗಾಳಿ ಕಪ್ಪು ಪಟ್ಟಿಯಾಗಿ ಮೇಲಿನ ಹಲ್ಲಿನ ಬೇರುಗಳ ಮೇಲೆ ಬೀಳುತ್ತದೆ. "ನಾಲಿಗೆ ಮೇಲಿಡಿ" ಅಂದರೆ ಜನ ತುದಿ ಮಾತ್ರ ತಾಗಿಸುತ್ತಾರೆ. "ಎಂಜಲು ನುಂಗಿ, ಆಗ ನಾಲಿಗೆ ಹೇಗೆ ಅಂಗುಳಕ್ಕೆ ಅಂಟುತ್ತೋ ಹಾಗೇ ಹಿಡ್ಕೊಳ್ಳಿ" ಅಂದರೆ ಕೆಲಸ ಆಗುತ್ತದೆ.

ಇಷ್ಟು ಹೊತ್ತು ಪೇಷಂಟ್ ಮಾತಾಯಿತು. ನಮ್ಮ ಮೈಯೂ ಮೈಯೇ ತಾನೇ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರಿದ್ದರು. ಬಾಯೊಳಗೆ ಫಿಲಂ ಇಟ್ಟು ಎಕ್ಸ್‌ರೇ ತೆಗೆದ ಮೊದಲಿಗರಲ್ಲಿ ಒಬ್ಬರು. ಆಗ ಟ್ಯೂಬ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಲು ತಮ್ಮ ಕೈಯನ್ನೇ ಕಿರಣಕ್ಕೆ ಅಡ್ಡ ಹಿಡಿಯುತ್ತಿದ್ದರು. ಮೊದಲು ಬೆರಳುಗಳು ಹೋದವು, ಆಮೇಲೆ ಕೈ, ಆಮೇಲೆ ತೋಳು. 1928ರಲ್ಲಿ ತೀರಿಕೊಂಡರು. ಅದೇ ಕಾಲದಲ್ಲಿ ಬಾಸ್ಟನ್‌ನ ದಂತವೈದ್ಯ ವಿಲಿಯಂ ರೋಲಿನ್ಸ್ ಈ ಕಿರಣಕ್ಕೆ ತಡೆ ಬೇಕು, ಟ್ಯೂಬಿಗೆ ಸೀಸದ ಕವಚ ಬೇಕು ಅಂತ ಬರೆಯುತ್ತಲೇ ಇದ್ದರು. ಕೇಳಿದವರು ಕಡಿಮೆ.

ಇವತ್ತು ಯಾರೂ ಕೆಲ್ಸ್ ಹಾಗೆ ಕೈ ಒಡ್ಡುವುದಿಲ್ಲ. ಆದರೆ ಅಳುವ ಮಗುವಿನ ಬಾಯಲ್ಲಿ ಸೆನ್ಸರನ್ನು ಬೆರಳಿನಿಂದ ಹಿಡಿದು ನಿಲ್ಲುವ ಅಸಿಸ್ಟೆಂಟ್ ಈಗಲೂ ಇದ್ದಾರೆ. "ಒಂದೇ ಸಲ ತಾನೇ ಅಕ್ಕ" ಅನ್ನುತ್ತಾರೆ. ಪೇಷಂಟ್‌ಗೆ ಒಂದೇ ಸಲ ಇರಬಹುದು, ನಮಗೆ ದಿನಾ ಇದೇ ಕೆಲಸ. ಹಿಡಿಯಲೇಬೇಕಾಗಿ ಬಂದರೆ ಮಗುವಿನ ಜೊತೆ ಬಂದವರು ಏಪ್ರನ್ ಹಾಕಿಕೊಂಡು ಹಿಡಿಯಲಿ. ಅವರೂ ಹೋಲ್ಡರ್ ಹಿಡಿಯಬೇಕು, ಕಿರಣದ ದಾರಿಗೆ ಬೆರಳು ಬರಬಾರದು. ಟ್ಯೂಬ್ ಜಾರುತ್ತಿದೆ ಅಂತ ಅದನ್ನು ಕೈಯಲ್ಲಿ ಹಿಡಿದು ನಿಲ್ಲುವುದೂ ಅಷ್ಟೇ ತಪ್ಪು. ತೋಳು ಸಡಿಲವಾದ ಮಷೀನನ್ನು ರಿಪೇರಿ ಮಾಡಿಸುವ ತನಕ ಬಳಸಬೇಡಿ.

ಗೋಡೆ ಅಥವಾ ತಡೆಯ ಹಿಂದೆ ನಿಲ್ಲಲು ಜಾಗವಿಲ್ಲದಿದ್ದರೆ ಕನಿಷ್ಠ 2 ಮೀಟರ್ ದೂರ ನಿಲ್ಲಿ. 1 ಮೀಟರ್‌ನಿಂದ 2 ಮೀಟರ್‌ಗೆ ಸರಿದರೆ ಕಿರಣ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಕೋನ್ ಮುಖ ಮಾಡಿರುವ ದಿಕ್ಕಿನಲ್ಲಂತೂ ನಿಲ್ಲಲೇಬಾರದು. ಕಿರಣ ಹೋಗುವ ದಿಕ್ಕಿನಿಂದ 90ರಿಂದ 135 ಡಿಗ್ರಿ ಪಕ್ಕಕ್ಕೆ ನಿಂತರೆ ಪೇಷಂಟ್ ತಲೆಯೇ ಅರ್ಧ ತಡೆಯಾಗುತ್ತದೆ. ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ವಿಕಿರಣದ ಜೊತೆ ಕೆಲಸ ಮಾಡುವವರಿಗೆ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಸರಿಯಾಗಿ ನಿಲ್ಲುವ ಡೆಂಟಲ್ ಅಸಿಸ್ಟೆಂಟ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಗರ್ಭಿಣಿ ಆದಾಗ ಮುಚ್ಚಿಡದೆ ಕೂಡಲೇ ಹೇಳಿ, ಡೋಸ್ ಅಳೆಯುವ ಬ್ಯಾಡ್ಜ್ ಕೇಳಿ ಹಾಕಿಕೊಳ್ಳಿ. ಹಾಕಿದ ಬ್ಯಾಡ್ಜ್ ಮೈಮೇಲೇ ಇರಲಿ, ಎಕ್ಸ್‌ರೇ ರೂಮಿನ ಗೂಟದಲ್ಲಿ ನೇತಾಡುವ ಬ್ಯಾಡ್ಜ್ ಗೋಡೆಯ ಡೋಸ್ ಅಳೆಯುತ್ತದೆ.

ಕೊನೆಗೆ, ಯಾವಾಗ ರಿಟೇಕ್ ಬೇಡ ಅನ್ನುವುದು. ಮೊನ್ನೆ ಹೊಸ ಹುಡುಗಿಯೊಬ್ಬಳು ಕೆಳಗಿನ ದವಡೆ ಹಲ್ಲಿನ ಚಿತ್ರ ತೆಗೆದಳು. ಮುಂದಿನ ಮೂಲೆಯಲ್ಲಿ ಕೋನ್ ಕಟ್. ಅವಳ ಮುಖ ಬಾಡಿತು, ಕೈ ಆಗಲೇ ಟ್ಯೂಬಿನ ಕಡೆ ಹೋಗಿತ್ತು. ನಾನು ತಡೆದು, ಡಾಕ್ಟರ್ ಕೇಳಿದ್ದು ಏನು ಅಂದೆ. ದೊಡ್ಡ ದವಡೆ ಹಲ್ಲಿನ ಬೇರಿನ ತುದಿಯಲ್ಲಿ ಸೋಂಕು ಇದೆಯಾ ಅಂತ. ಚಿತ್ರದಲ್ಲಿ ಎರಡೂ ಬೇರುಗಳು, ಅವುಗಳ ತುದಿಯ ಸುತ್ತ ಎರಡು ಮಿಲಿಮೀಟರ್‌ಗೂ ಜಾಸ್ತಿ ಮೂಳೆ, ಅಲ್ಲಿದ್ದ ಕಪ್ಪು ಕಲೆ ಎಲ್ಲವೂ ಕಾಣುತ್ತಿತ್ತು. ಕಟ್ ಆಗಿದ್ದು ಯಾರೂ ಕೇಳದ ಸಣ್ಣ ದವಡೆ ಹಲ್ಲಿನ ಹತ್ತಿರ. "ಹೋಗಿ ತೋರಿಸಿ ಕೇಳು" ಅಂದೆ. ಅವಳು ಹೋಗಿ, "ಸರ್, ಮೂಲೆ ಕಟ್ ಆಗಿದೆ, ಬೇರಿನ ತುದಿ ಪೂರ್ತಿ ಬಂದಿದೆ, ಸಾಕಾ?" ಅಂತ ಕೇಳಿದಳು. ಡಾಕ್ಟರ್ ಸ್ಕ್ರೀನ್ ನೋಡಿ ಸಾಕು ಅಂದರು. ರಿಜಿಸ್ಟರ್‌ನಲ್ಲಿ ಕೋನ್ ಕಟ್ ಅಂತ ಬರೆಸಿ, ರಿಟೇಕ್ ಇಲ್ಲ ಅಂತಲೂ ಅವಳ ಕೈಯಲ್ಲೇ ಬರೆಸಿದೆ.